‘ರಕ್ಷಣೆ ಕಳೆದುಹೋಗುತ್ತದೆಯೇ?’ ಎಂದು ಕೇಳುವವರೊಂದಿಗೆ ಸತ್ಯವೇದ (ಬೈಬಲ್) ಓದುವ ಬಗೆ

ಬೀದರ್ ಜಿಲ್ಲೆಯ ಹಳ್ಳಿಗಳಲ್ಲಿ ಮನೆ ಪ್ರಾರ್ಥನಾ ಕೂಟ ನಡೆಸುವವರಿಗೆ ಒಂದಲ್ಲ ಒಂದು ದಿನ ಈ ಪ್ರಶ್ನೆ ಎದುರಾಗಿಯೇ ಆಗುತ್ತದೆ: ಒಮ್ಮೆ ಯೇಸುವನ್ನು ನಂಬಿ ರಕ್ಷಣೆ (ಪಾಪದಿಂದ ಬಿಡುಗಡೆ, ನಿತ್ಯಜೀವ) ಹೊಂದಿದವನು ಅದನ್ನು ಕಳೆದುಕೊಳ್ಳಬಹುದೇ? ಈ ಭಾಗದಲ್ಲಿ ಮೆಥೋಡಿಸ್ಟ್ ಸಭೆಯ ಬೇರು ಹಳೆಯದು. ಕಥೋಲಿಕರಿಗೆ 2005ರಿಂದ ಗುಲ್ಬರ್ಗಾ ಧರ್ಮಪ್ರಾಂತವಿದೆ. ಪೆಂತೆಕೊಸ್ತ್ ಸಭೆಗಳೂ ಸ್ವತಂತ್ರ ಸಭೆಗಳೂ ಇವೆ. ಒಂದೇ ಮನೆಯಲ್ಲಿ ಅತ್ತೆ ಒಂದು ಸಭೆಗೆ, ಸೊಸೆ ಇನ್ನೊಂದು ಸಭೆಗೆ ಹೋಗುವುದುಂಟು. ಹೈದರಾಬಾದಿಗೆ ದುಡಿಯಲು ಹೋದ ಮಗ ಅಲ್ಲಿಂದ ಮೂರನೆಯದೊಂದು ಬೋಧನೆಯನ್ನು ಮೊಬೈಲ್‌ನಲ್ಲಿ ಕೇಳಿಕೊಂಡು ಬಂದಿರುತ್ತಾನೆ. ಆದುದರಿಂದ ಕೂಟದ ಮುಖ್ಯಸ್ಥರು ಒಂದೇ ವಾಕ್ಯದಲ್ಲಿ ‘ಹೌದು’ ಅಥವಾ ‘ಇಲ್ಲ’ ಎಂದು ಹೇಳಿ ಮುಗಿಸಿದರೆ ಅರ್ಧ ಕೂಟ ಗೊಂದಲದಲ್ಲಿಯೇ ಎದ್ದು ಹೋಗುತ್ತದೆ.

ಮೊದಲು ಕೇಳುತ್ತಿರುವವರು ಯಾರು, ಏಕೆ ಕೇಳುತ್ತಿದ್ದಾರೆ ಎಂಬುದನ್ನು ತಿಳಿದುಕೊಳ್ಳಿರಿ. ಗಂಡನ ಮನೆಯ ಹಬ್ಬದಲ್ಲಿ ಒತ್ತಾಯಕ್ಕೆ ಮಣಿದು ಪ್ರಸಾದ ತಿಂದು ಬಂದ ಹೆಣ್ಣುಮಗಳು ಕೂಟ ಮುಗಿದ ಮೇಲೆ ಬಾಗಿಲ ಬಳಿ ನಿಂತು, “ನಾ ಇನ್ನ ದೇವ್ರ ಮಗಳು ಹೌದೋ ಅಲ್ಲೋ, ಹೇಳ್ರಿ ಅಣ್ಣಾ” ಎಂದು ಕೇಳುವುದು ಒಂದು ಬಗೆ. ಕುಡಿತಕ್ಕೆ ಮರಳಿದ ಯುವಕನು, “ಒಮ್ಮೆ ರಕ್ಷಣೆ ಆದ ಮ್ಯಾಲ ಏನೂ ಆಗೂದಿಲ್ಲಲ್ಲಾ” ಎಂದು ನಕ್ಕು ಕೇಳುವುದು ಮತ್ತೊಂದು ಬಗೆ. ಇಬ್ಬರ ಪ್ರಶ್ನೆಯೂ ಕೇಳಲು ಒಂದೇ, ಆದರೆ ಇಬ್ಬರಿಗೂ ಒಂದೇ ಅಧ್ಯಾಯವನ್ನು ತೆರೆದರೆ ಒಬ್ಬರಿಗೆ ಅನ್ಯಾಯವಾಗುತ್ತದೆ. ಹೆದರಿದವರಿಗೆ ವಾಗ್ದಾನವನ್ನು ಮೊದಲು ಓದಬೇಕು, ಉದಾಸೀನರಿಗೆ ಎಚ್ಚರಿಕೆಯನ್ನು ಮೊದಲು ಓದಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ; ಸತ್ಯವೇದವೂ ಹಾಗೆಯೇ ಮಾಡುತ್ತದೆ.

ಎರಡನೆಯದಾಗಿ, ಈ ವಿಷಯದಲ್ಲಿ ದೈವಭಕ್ತರೇ ಭಿನ್ನಾಭಿಪ್ರಾಯ ಹೊಂದಿದ್ದಾರೆಂಬುದನ್ನು ಕೂಟದಲ್ಲಿ ಮುಚ್ಚಿಡದೆ ಹೇಳಿರಿ. ದೇವರು ಆರಿಸಿಕೊಂಡವರು ಕಡೆಯವರೆಗೂ ನಿಲ್ಲುವರು, ಅವರನ್ನು ಆತನೇ ಕಾಯುವನು ಎಂಬುದು 16ನೆಯ ಶತಮಾನದ ಸಭಾಸುಧಾರಕ ಜಾನ್ ಕ್ಯಾಲ್ವಿನ್‌ನ ಮಾರ್ಗದವರ ಬೋಧನೆ. ಈ ಆಯ್ಕೆಯ ಬೋಧನೆಯನ್ನು ಒಪ್ಪದ ಹಾಲೆಂಡಿನ ದೇವಶಾಸ್ತ್ರಜ್ಞ ಯಾಕೋಬಸ್ ಅರ್ಮಿನಿಯಸ್‌ನ ಅನುಯಾಯಿಗಳು 1610ರಲ್ಲಿ ಐದು ಅಂಶಗಳ ಮನವಿಯನ್ನು ಸಲ್ಲಿಸಿದಾಗ, ನಿಜ ವಿಶ್ವಾಸಿಯು ಬಿದ್ದುಹೋಗಬಹುದೇ ಎಂಬುದನ್ನು ಇನ್ನೂ ವಾಕ್ಯದಿಂದ ಪರಿಶೀಲಿಸಬೇಕೆಂದು ಹೇಳಿ ತೀರ್ಮಾನಿಸದೆ ಬಿಟ್ಟಿದ್ದರು. ಈ ವಾದವನ್ನು ತೀರ್ಮಾನಿಸಲು ಹಾಲೆಂಡಿನಲ್ಲಿ ಕೂಡಿದ 1618–19ರ ಡೋರ್ಟ್ ಸಭಾಸಮ್ಮೇಳನವು ಕ್ಯಾಲ್ವಿನ್ ಪಕ್ಷವನ್ನೇ ಎತ್ತಿಹಿಡಿಯಿತು. ಮೆಥೋಡಿಸ್ಟರ ಮೂಲಪುರುಷ ಜಾನ್ ವೆಸ್ಲಿ ಅರ್ಮಿನಿಯಸ್‌ನ ಕಡೆಗೆ ನಿಂತು, ವಿಶ್ವಾಸಿಯು ಕೃಪೆಯಿಂದ ಬಿದ್ದು ನಾಶವಾಗುವ ಸಾಧ್ಯತೆ ಇದೆಯೆಂದು ಬೋಧಿಸಿದನು. ಕಥೋಲಿಕ ಸಭೆಯಾದರೋ, ಮಾರಕ ಪಾಪದಿಂದ (ತಿಳಿದೂ ಬೇಕೆಂದೇ ಮಾಡಿದ ಘೋರ ಪಾಪದಿಂದ) ಕೃಪೆಯ ಸ್ಥಿತಿ ಹೋಗುತ್ತದೆಂದೂ ಪಾಪನಿವೇದನೆಯಿಂದ (ಗುರುವಿನ ಮುಂದೆ ಪಾಪ ಒಪ್ಪಿಕೊಳ್ಳುವುದರಿಂದ) ಅದು ಮರಳಿ ದೊರೆಯುತ್ತದೆಂದೂ 1547ರಲ್ಲಿ ಟ್ರೆಂಟ್ ಮಹಾಸಭೆಯಲ್ಲಿ ನಿರ್ಣಯಿಸಿತು. ಇಷ್ಟು ಹೇಳಿದರೆ ಸಾಕು. ಒಂದು ಮಾತನ್ನು ಮಾತ್ರ ಸೇರಿಸಬಹುದು: ವೆಸ್ಲಿಗೂ ಕ್ಯಾಲ್ವಿನ್ ಪಕ್ಷದ ಪ್ರಸಂಗಿ ಜಾರ್ಜ್ ವೈಟ್‌ಫೀಲ್ಡನಿಗೂ ಈ ವಿಷಯಗಳಲ್ಲಿ ಬಹಿರಂಗ ವಾದವೇ ನಡೆದಿತ್ತು, ಆದರೂ 1770ರಲ್ಲಿ ವೈಟ್‌ಫೀಲ್ಡ್ ತೀರಿಕೊಂಡಾಗ ಲಂಡನ್ನಿನಲ್ಲಿ ಆತನ ಸ್ಮರಣೆಯ ಪ್ರಸಂಗ ಮಾಡಿದವನು ವೆಸ್ಲಿಯೇ. ನಮ್ಮ ಕೂಟಗಳಲ್ಲಿ ಇದೇ ವಾದಕ್ಕೆ ಮಾತು ಬಿಟ್ಟು ಕುಳಿತವರು ಇದನ್ನು ಕೇಳಿಸಿಕೊಳ್ಳುವುದು ಒಳ್ಳೆಯದು.

ಇನ್ನು ಓದುವ ಕೆಲಸ. ಬಿಡಿ ವಚನಗಳನ್ನು ಎತ್ತಿ ಎದುರುಬದುರು ನಿಲ್ಲಿಸಬೇಡಿರಿ. ಅಧ್ಯಾಯವನ್ನು ಪೂರ್ತಿಯಾಗಿ, ಒಬ್ಬೊಬ್ಬರ ಕೈಯಲ್ಲಿ ಕೆಲವು ವಚನಗಳಂತೆ ಗಟ್ಟಿಯಾಗಿ ಓದಿಸಿರಿ. ಮೊದಲ ವಾರ ಯೋಹಾನನ ಸುವಾರ್ತೆಯ 10ನೆಯ ಅಧ್ಯಾಯವನ್ನು ತೆಗೆದುಕೊಳ್ಳಬಹುದು. ತನ್ನ ಕುರಿಗಳನ್ನು ಯಾರೂ ತನ್ನ ಕೈಯಿಂದ ಕಸಿದುಕೊಳ್ಳಲಾರರು ಎಂದು 28ನೆಯ ವಚನದಲ್ಲಿ ಯೇಸು ಹೇಳುವ ಮೊದಲು, ಆ ಕುರಿಗಳು ತನ್ನ ಸ್ವರವನ್ನು ಕೇಳಿ ತನ್ನನ್ನು ಹಿಂಬಾಲಿಸುತ್ತವೆಂದು 27ನೆಯ ವಚನದಲ್ಲಿ ಹೇಳಿರುವುದನ್ನು ಗಮನಿಸಲು ಹೇಳಿರಿ. ಉದಾಸೀನನು ಮರೆಯುವುದು 27ನ್ನು. ಹೆದರಿದವಳು ಮರೆಯುವುದು 28ನ್ನು.

ಮುಂದಿನ ವಾರಕ್ಕೆ ಇಬ್ರಿಯರಿಗೆ ಬರೆದ ಪತ್ರಿಕೆಯ 6ನೆಯ ಅಧ್ಯಾಯ. ಇದಕ್ಕೆ ಸಾಕಷ್ಟು ಸಮಯ ಇಟ್ಟುಕೊಳ್ಳಿರಿ, ಏಕೆಂದರೆ ನಮ್ಮವರನ್ನು ಅತ್ಯಂತ ಹೆದರಿಸಿರುವುದು ಇದರ 4ರಿಂದ 6ರವರೆಗಿನ ವಚನಗಳೇ: ಒಮ್ಮೆ ಬೆಳಕನ್ನು ಹೊಂದಿ, ಪರಲೋಕದ ದಾನವನ್ನು ರುಚಿನೋಡಿ, ಪವಿತ್ರಾತ್ಮನಲ್ಲಿ ಪಾಲುಗಾರರಾಗಿ ಆಮೇಲೆ ಬಿದ್ದುಹೋದವರನ್ನು ಮತ್ತೆ ಮಾನಸಾಂತರಕ್ಕೆ (ಪಶ್ಚಾತ್ತಾಪಕ್ಕೆ) ತರುವುದು ಅಸಾಧ್ಯವೆಂದು ಅಲ್ಲಿ ಹೇಳಿದೆ. ಇವರು ನಿಜ ವಿಶ್ವಾಸಿಗಳೇ ಎಂದು ವೆಸ್ಲಿಯ ಮಾರ್ಗದವರು ಓದುತ್ತಾರೆ. ಸಭೆಯೊಳಗಿದ್ದು ರುಚಿ ಕಂಡರೂ ನಿಜವಾಗಿ ಹೊಸದಾಗಿ ಹುಟ್ಟದವರು ಇವರೆಂದು ಕ್ಯಾಲ್ವಿನ್ ಮಾರ್ಗದವರಲ್ಲಿ ಹೆಚ್ಚಿನವರು ಓದುತ್ತಾರೆ. ಅವರಿಗೆ ಆಧಾರ 1 ಯೋಹಾನ 2:19; ನಮ್ಮನ್ನು ಬಿಟ್ಟು ಹೋದವರು ನಿಜವಾಗಿ ನಮ್ಮವರಾಗಿರಲಿಲ್ಲ ಎಂದು ಅಲ್ಲಿದೆ. ಈ ಎಚ್ಚರಿಕೆಯೇ ವಿಶ್ವಾಸಿಗಳನ್ನು ಬೀಳದಂತೆ ಕಾಯುವ ಸಾಧನವೆಂದು ಹೇಳುವವರೂ ಇದ್ದಾರೆ. ಮೂರನ್ನೂ ಹೇಳಿದ ಮೇಲೆ 7 ಮತ್ತು 8ನೆಯ ವಚನಗಳಿಗೆ ಬನ್ನಿರಿ. ತೊಗರಿ ಬೆಳೆಯುವ ನಮ್ಮ ರೈತರಿಗೆ ಇಲ್ಲಿ ವಿವರಣೆಯೇ ಬೇಡ. ಮೇಲಿಂದ ಮೇಲೆ ಬಿದ್ದ ಮಳೆಯನ್ನು ಕುಡಿದ ಭೂಮಿ ಬೆಳೆಯ ಬದಲು ಮುಳ್ಳುಕಳೆಯನ್ನು ಕೊಟ್ಟರೆ ಅದು ಶಾಪಕ್ಕೆ ಹತ್ತಿರವಾಗಿದೆ. ತಕ್ಷಣವೇ 9ನೆಯ ವಚನದಲ್ಲಿ ಬರೆದವನು ‘ಪ್ರಿಯರೇ’ ಎಂದು ಕರೆದು, ನಿಮ್ಮ ವಿಷಯದಲ್ಲಿ ಇದಕ್ಕಿಂತ ಒಳ್ಳೆಯದನ್ನೇ ನಂಬಿದ್ದೇವೆಂದು ಹೇಳುತ್ತಾನೆ. ಆ ವಚನವನ್ನು ಓದದೆ ಕೂಟವನ್ನು ಮುಗಿಸಲೇಬಾರದು.

ನನ್ನ ಮಟ್ಟಿಗೆ ಹೇಳುವುದಾದರೆ, ಯೋಹಾನ 15:6 (ಬಳ್ಳಿಯಲ್ಲಿ ನೆಲೆಗೊಳ್ಳದ ಕೊಂಬೆಯನ್ನು ಬಿಸಾಡುವರು) ಮತ್ತು ಗಲಾತ್ಯ 5:4ನ್ನು (ಕೃಪೆಯಿಂದ ಬಿದ್ದಿದ್ದೀರಿ) ಓದಿದ ಮೇಲೆ ಎಚ್ಚರಿಕೆಗಳು ಬರೀ ತೋರಿಕೆಯವೆಂದು ಒಪ್ಪಲು ಸಾಧ್ಯವಿಲ್ಲ. ಆದರೆ ಅವು ಕ್ರಿಸ್ತನನ್ನು ತಿಳಿದೂ ತಿಳಿದೂ ತಳ್ಳಿಬಿಡುವವರ ವಿಷಯವಾಗಿ ಹೇಳಿದವು. ಎಡವಿ ಬಿದ್ದು ಅಳುತ್ತಿರುವವರ ಮೇಲೆ ಎಸೆಯಲು ಕೊಟ್ಟ ಕಲ್ಲುಗಳಲ್ಲ. ಶಿಷ್ಯನಾದ ಪೇತ್ರನು ಆಣೆಯಿಟ್ಟು ಯೇಸುವನ್ನು ಅಲ್ಲಗಳೆದನು, ಆದರೂ ಅವನ ನಂಬಿಕೆ ಕುಂದಿಹೋಗದಂತೆ ಯೇಸು ಮೊದಲೇ ಪ್ರಾರ್ಥಿಸಿದ್ದನೆಂದು ಲೂಕ 22:32 ಹೇಳುತ್ತದೆ. ಪ್ರಸಾದ ತಿಂದು ಬಂದ ಆ ಹೆಣ್ಣುಮಗಳಿಗೆ ಇದನ್ನೂ, ಪಾಪವನ್ನು ಒಪ್ಪಿಕೊಂಡರೆ ದೇವರು ಕ್ಷಮಿಸುವನೆಂಬ 1 ಯೋಹಾನ 1:9ನ್ನೂ ಓದಿ ಹೇಳಿ, ಆಮೇಲೆ ವಿಗ್ರಹಕ್ಕೆ ಅರ್ಪಿಸಿದ ಆಹಾರದ ವಿಷಯವಾದ 1 ಕೊರಿಂಥ 8 ಮತ್ತು 10ನೆಯ ಅಧ್ಯಾಯಗಳಿಂದ ಮುಂದಿನ ಹಬ್ಬಕ್ಕೆ ಮನೆಯವರ ಮನಸ್ಸು ನೋಯಿಸದೆ ಹೇಗೆ ನಡೆದುಕೊಳ್ಳಬಹುದೆಂದು ಕುಳಿತು ಯೋಚಿಸಿರಿ. ಪ್ರತಿ ಬಾರಿ ಬಿದ್ದಾಗಲೂ ಮರುದೀಕ್ಷಾಸ್ನಾನ ಮಾಡಿಸುವ ಪದ್ಧತಿಗೆ ಹೊಸ ಒಡಂಬಡಿಕೆಯಲ್ಲಿ ಆಧಾರವಿಲ್ಲ. ಸಾಕ್ಷಿ ಹೇಳುವ ಹೊತ್ತಿನಲ್ಲಿ ಎಲ್ಲರ ಮುಂದೆ ಅವಳ ಹೆಸರು ಹಿಡಿದು ಪ್ರಾರ್ಥಿಸುವುದನ್ನೂ ಬಿಡಿರಿ.

ತಾನು ಕ್ಷಮೆಯಿಲ್ಲದ ಪಾಪ ಮಾಡಿದ್ದೇನೆಂದು ಹಗಲಿರುಳು ನರಳುವವರು ಕೆಲವರು ಸಿಗುತ್ತಾರೆ. ಮಾರ್ಕ 3ನೆಯ ಅಧ್ಯಾಯದಲ್ಲಿ ಆ ಮಾತು ಬಂದಿರುವುದು, ಯೇಸು ದೆವ್ವ ಬಿಡಿಸುವುದನ್ನು ಕಣ್ಣಾರೆ ಕಂಡೂ ಅದು ದೆವ್ವಗಳ ಒಡೆಯನಾದ ಬೆಲ್ಜೆಬೂಲನ ಕೆಲಸವೆಂದು ಹೇಳಿದ ಶಾಸ್ತ್ರಿಗಳಿಗೆ ಎಂಬುದನ್ನು ತೋರಿಸಿರಿ. ಮನಸ್ಸಿನಲ್ಲಿ ಬೇಡವೆಂದರೂ ನುಗ್ಗುವ ಕೆಟ್ಟ ಆಲೋಚನೆ ಅದಲ್ಲ. ವಾರಗಟ್ಟಲೆ ನಿದ್ದೆ, ಊಟ ಬಿಟ್ಟವರಿದ್ದರೆ ಉಪವಾಸ ಪ್ರಾರ್ಥನೆಯನ್ನು ಇನ್ನಷ್ಟು ಹೇರದೆ ಮನೋವೈದ್ಯರ ಬಳಿಗೆ ಕರೆದೊಯ್ಯಿರಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು.

ಕಡೆಯದಾಗಿ ಒಂದು ಕಷ್ಟದ ಸಂದರ್ಭ: ಸಭೆ ಬಿಟ್ಟು ವರ್ಷಗಳಾಗಿದ್ದ ಮಗ ತೀರಿಕೊಂಡಾಗ ತಾಯಿ ಇದೇ ಪ್ರಶ್ನೆಯನ್ನು ಕೇಳುತ್ತಾಳೆ. ಅಲ್ಲಿ ಮೇಲಿನ ಯಾವ ವಾದವನ್ನೂ ತೆಗೆಯಬೇಡಿರಿ. ಅವನು ಉಳಿದನೆಂದೂ ಹೇಳಬೇಡಿರಿ, ಹಾಳಾದನೆಂದೂ ಹೇಳಬೇಡಿರಿ. ಅದನ್ನು ತಿಳಿಯುವ ಅಧಿಕಾರ ನಮಗೆ ಕೊಟ್ಟಿಲ್ಲ. ಶಿಲುಬೆಯ ಮೇಲಿದ್ದ ಕಳ್ಳನ ಕಡೆಯ ಮಾತನ್ನು ಯೇಸು ಕೇಳಿಸಿಕೊಂಡನೆಂದು ಲೂಕ 23ರಿಂದ ಓದಿ ಹೇಳಿ, ಮಣ್ಣಿನ ಕೆಲಸ ಮುಗಿಯುವವರೆಗೂ ಆ ಮನೆಯವರ ಜೊತೆಗಿರಿ.