ಆಟದ ನಡುವೆ ಗ್ರಾಫಿಕ್ಸ್ ಕಾರ್ಡ್ ಕೈಕೊಟ್ಟರೆ: ನಾನು ಹುಡುಕುವ ಬಗೆ

ಗೇಮ್ ಆಡುವಾಗ ಕ್ರ್ಯಾಶ್ ಆದರೆ ಎಲ್ಲರೂ ಮೊದಲು ಬೈಯುವುದು ಡ್ರೈವರನ್ನು, ಆಮೇಲೆ ಕಾರ್ಡನ್ನು. ವಿಂಡೋಸ್‌ನ ಈವೆಂಟ್ ವ್ಯೂವರ್ ತೆರೆದರೆ ಅಲ್ಲೂ ಡ್ರೈವರಿನ ಹೆಸರೇ ಕಾಣುತ್ತದೆ: ಈವೆಂಟ್ ಸಂಖ್ಯೆ 4101, ಡಿಸ್‌ಪ್ಲೇ ಡ್ರೈವರ್ ಸ್ಪಂದಿಸದೆ ನಿಂತು ಮತ್ತೆ ಚೇತರಿಸಿಕೊಂಡಿತು ಎಂದು. ಆದರೆ ದೂರು ಕೊಟ್ಟವನೇ ಕಳ್ಳ ಆಗಬೇಕಿಲ್ಲ. ವಿಂಡೋಸ್ ಕಾರ್ಡಿಗೆ ಒಂದು ಕೆಲಸ ಕೊಟ್ಟು 2 ಸೆಕೆಂಡ್ ಕಾಯುತ್ತದೆ. ಅಷ್ಟರಲ್ಲಿ ಉತ್ತರ ಬರದಿದ್ದರೆ ಕಾರ್ಡು ಮತ್ತು ಡ್ರೈವರನ್ನು ರೀಸೆಟ್ ಮಾಡುತ್ತದೆ. ಇದಕ್ಕೆ ಟಿಡಿಆರ್ (ಟೈಮ್‌ಔಟ್ ಡಿಟೆಕ್ಷನ್ ಅಂಡ್ ರಿಕವರಿ) ಎನ್ನುತ್ತಾರೆ. ಉತ್ತರ ಯಾಕೆ ಬರಲಿಲ್ಲ ಎಂಬುದು ವಿಂಡೋಸ್‌ಗೆ ಗೊತ್ತಿರುವುದಿಲ್ಲ. ಕರೆಂಟ್ ಸಾಲದೆ ಹೋಗಿರಬಹುದು, ರ್‍ಯಾಮ್ ಒಂದು ಬಿಟ್ ತಪ್ಪಾಗಿ ಕೊಟ್ಟಿರಬಹುದು, ಚಿಪ್ ಮತ್ತು ಹೀಟ್‌ಸಿಂಕ್ ನಡುವೆ ಶಾಖ ದಾಟಿಸುವ ಪೇಸ್ಟ್ ಒಣಗಿರಬಹುದು. ಲಾಗ್‌ನಲ್ಲಿ ಬೀಳುವ ಸಾಲು ಮಾತ್ರ ಒಂದೇ.

ಹಾಗಾಗಿ ಯಾವ ಸೆಟ್ಟಿಂಗನ್ನೂ ಮುಟ್ಟುವ ಮೊದಲು ಕ್ರ್ಯಾಶ್ ಯಾವ ಬಗೆಯದು ಎಂದು ನೋಡುತ್ತೇನೆ. ಗೇಮ್ ಮಾತ್ರ ಮುಚ್ಚಿಕೊಂಡು ಡೆಸ್ಕ್‌ಟಾಪ್ ಬಂದರೆ ಡ್ರೈವರ್, ಗೇಮ್ ಫೈಲು, ರ್‍ಯಾಮ್, ಓವರ್‌ಕ್ಲಾಕ್ (ಕಂಪನಿ ಇಟ್ಟದ್ದಕ್ಕಿಂತ ಹೆಚ್ಚು ವೇಗದಲ್ಲಿ ಓಡಿಸುವುದು) ಎಲ್ಲದರ ಮೇಲೂ ಅನುಮಾನ. ಸ್ಕ್ರೀನ್ ಕಪ್ಪಾಗಿ ಎರಡು ಮೂರು ಸೆಕೆಂಡಿನಲ್ಲಿ ಮರಳಿದರೆ ಅದು ಮೇಲೆ ಹೇಳಿದ ಟಿಡಿಆರ್. ಸ್ಕ್ರೀನ್ ಕಪ್ಪಾಗಿ, ಕಾರ್ಡಿನ ಫ್ಯಾನ್‌ಗಳು ಗುಂಯ್ ಎಂದು ಪೂರ್ತಿ ವೇಗಕ್ಕೆ ಹೋಗಿ, ಪವರ್ ಬಟನ್ ಒತ್ತಿ ಹಿಡಿಯದೆ ಬೇರೆ ದಾರಿಯೇ ಇಲ್ಲದಿದ್ದರೆ ಪವರ್ ಕನೆಕ್ಟರ್ ಅಥವಾ ಶಾಖದ ಕಡೆ ನೋಡಬೇಕು. ಇಡೀ ಯಂತ್ರ ಸ್ವಿಚ್ ಆರಿಸಿದಂತೆ ಪಟ್ಟನೆ ಹೋಗಿ ತಾನೇ ರೀಸ್ಟಾರ್ಟ್ ಆದರೆ ಮೊದಲ ಅನುಮಾನ ಎಸ್‌ಎಂಪಿಎಸ್ (ಯಂತ್ರಕ್ಕೆ ಕರೆಂಟ್ ಕೊಡುವ ಪೆಟ್ಟಿಗೆ) ಮೇಲೆ. ಆಗ ಲಾಗ್‌ನಲ್ಲಿ ಕರ್ನಲ್-ಪವರ್ 41 ಇರುತ್ತದೆ. ಇದನ್ನು ನೋಡಿ ಪವರ್ ದೋಷ ಎಂದು ಅಲ್ಲೇ ತೀರ್ಮಾನಿಸುವವರು ತುಂಬ ಜನ, ಆದರೆ 41 ಹೇಳುವುದು ಯಂತ್ರ ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಎಂಬುದನ್ನಷ್ಟೇ. ಬಟನ್ ಒತ್ತಿ ಹಿಡಿದು ನೀವೇ ಆರಿಸಿದರೂ ಅದೇ ಬರುತ್ತದೆ. ಸ್ಕ್ರೀನ್ ಮಾತ್ರ ಕಪ್ಪಾಗಿ ಗೇಮಿನ ಸದ್ದು ನಡೆಯುತ್ತಲೇ ಇದ್ದರೆ, ಬೇರೆ ಏನನ್ನೂ ಬಿಚ್ಚುವ ಮೊದಲು ಡಿಸ್‌ಪ್ಲೇಪೋರ್ಟ್ ಕೇಬಲ್ ಬದಲಿಸಿ ನೋಡಿ. ಇನ್ನು ಬಣ್ಣದ ಚೌಕಗಳು, ಚುಕ್ಕೆಗಳು ವಿಂಡೋಸ್‌ಗೂ ಮೊದಲು ಬರುವ ಬಯೋಸ್ ಪರದೆಯಲ್ಲೂ ಕಂಡರೆ ಮುಂದಿನದನ್ನು ಓದುವ ಅಗತ್ಯವೇ ಇಲ್ಲ. ಅದು ಬಹುಮಟ್ಟಿಗೆ ಕಾರ್ಡಿನ ಮೆಮೊರಿ ಅಥವಾ ಚಿಪ್‌ನದೇ ದೋಷ, ಡ್ರೈವರ್ ಬದಲಿಸಿ ಪ್ರಯೋಜನವಿಲ್ಲ.

ಎರಡನೆಯ ಕೆಲಸ ಎಲ್ಲವನ್ನೂ ಕಂಪನಿ ಸೆಟ್ಟಿಂಗಿಗೆ ತರುವುದು. ಕಾರ್ಡಿನ ಓವರ್‌ಕ್ಲಾಕ್ ಮಾತ್ರವಲ್ಲ, ಅಂಡರ್‌ವೋಲ್ಟ್ ಕೂಡ. ವೋಲ್ಟೇಜ್ ಇಳಿಸಿದ್ದರಿಂದ ತಂಪಾಗಿದೆ, ಹಾಗಾಗಿ ಸುರಕ್ಷಿತ ಎಂದುಕೊಂಡು ಅದನ್ನು ಮರೆತೇಬಿಡುತ್ತಾರೆ. ಆರು ತಿಂಗಳು ಸರಿಯಾಗಿದ್ದ ಅಂಡರ್‌ವೋಲ್ಟ್ ಒಂದು ಹೊಸ ಗೇಮಿನಲ್ಲಿ ಕೈಕೊಡುವುದು ಮಾಮೂಲು. ರ್‍ಯಾಮಿನ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ (ಅದನ್ನು ಮೂಲ ವೇಗಕ್ಕಿಂತ ಹೆಚ್ಚು ವೇಗದಲ್ಲಿ ಓಡಿಸುವ ಬಯೋಸ್ ಸೆಟ್ಟಿಂಗ್) ಕೂಡ ಓವರ್‌ಕ್ಲಾಕೇ, ಅದನ್ನೂ ಆಫ್ ಮಾಡುತ್ತೇನೆ. ಸ್ಕ್ರೀನ್ ಮೇಲೆ ಎಫ್‌ಪಿಎಸ್ ತೋರಿಸುವ, ವಿಡಿಯೊ ರೆಕಾರ್ಡ್ ಮಾಡುವ ಓವರ್‌ಲೇಗಳನ್ನೂ ಮುಚ್ಚುತ್ತೇನೆ. ಇಷ್ಟನ್ನು ಒಟ್ಟಿಗೇ ಮಾಡಬಹುದು. ಇಲ್ಲಿಂದ ಮುಂದೆ ಮಾತ್ರ ಒಂದು ಸಲಕ್ಕೆ ಒಂದೇ ಬದಲಾವಣೆ, ಇಲ್ಲದಿದ್ದರೆ ಯಾವುದರಿಂದ ಸರಿಹೋಯಿತು ಎಂದು ತಿಳಿಯುವುದಿಲ್ಲ.

ಎಕ್ಸ್‌ಎಂಪಿ ಆಫ್ ಮಾಡಿದ ಮೇಲೆ ಕ್ರ್ಯಾಶ್ ನಿಂತರೆ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ಅನ್ನು ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಎಕ್ಸ್‌ಎಂಪಿ ಹಾಕಿಯೇ 4 ಪಾಸ್ ಓಡಿಸಬೇಕು. ಒಂದೇ ಒಂದು ದೋಷ ಬಂದರೂ ಆ ವೇಗ ಆ ರ್‍ಯಾಮಿಗೆ ಆಗದು ಎಂದೇ ಅರ್ಥ. ಪ್ರೊಸೆಸರಿನಿಂದ ಬರುವ ಕ್ರ್ಯಾಶ್‌ಗಳೂ ಗ್ರಾಫಿಕ್ಸ್ ದೋಷದ ವೇಷ ಹಾಕುತ್ತವೆ. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಚಿಪ್‌ಗಳಲ್ಲಿ ಇದು ದೊಡ್ಡ ಸುದ್ದಿಯಾಗಿತ್ತು: ಅನ್‌ರಿಯಲ್ ಎಂಜಿನ್‌ನ ಗೇಮ್‌ಗಳು ಶೇಡರ್ (ಚಿತ್ರ ಬಿಡಿಸಲು ಕಾರ್ಡ್ ಓಡಿಸುವ ಸಣ್ಣ ಪ್ರೋಗ್ರಾಂ) ಸಿದ್ಧಪಡಿಸುವ ಹೊತ್ತಿಗೆ 'ಔಟ್ ಆಫ್ ವಿಡಿಯೊ ಮೆಮೊರಿ' ಎಂದು ಹೇಳಿ ಬೀಳುತ್ತಿದ್ದವು. ಕಾರ್ಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಮೆಮೊರಿ ಖಾಲಿ ಇರುವಾಗ ಈ ಸಂದೇಶ ಬಂದರೆ ಕಾರ್ಡನ್ನು ಬಿಟ್ಟು ಪ್ರೊಸೆಸರ್ ಕಡೆ ತಿರುಗಬೇಕು. 2024ರ ಆಗಸ್ಟ್‌ನಿಂದ ಇಂಟೆಲ್ ಇದಕ್ಕೆ ಮೈಕ್ರೋಕೋಡ್ (ಪ್ರೊಸೆಸರಿನ ಒಳಗಿನ ತಂತ್ರಾಂಶ) ತಿದ್ದುಪಡಿಗಳನ್ನು ಕೊಟ್ಟಿದೆ, ಅವು ಮದರ್‌ಬೋರ್ಡಿನ ಹೊಸ ಬಯೋಸ್ ಜೊತೆ ಬರುತ್ತವೆ. ಆಗಲೇ ಹಾಳಾದ ಚಿಪ್ಪನ್ನು ಬಯೋಸ್ ರಿಪೇರಿ ಮಾಡುವುದಿಲ್ಲ. ಅದನ್ನು ವಾರಂಟಿಯಲ್ಲಿ ಬದಲಿಸಿಕೊಳ್ಳಬೇಕು.

ಡ್ರೈವರ್ ವಿಷಯವನ್ನು ಒಂದೇ ಸಲ, ಸರಿಯಾಗಿ ಮುಗಿಸುತ್ತೇನೆ. ಬೇಕಾದ ಡ್ರೈವರನ್ನು ಮೊದಲೇ ಇಳಿಸಿಟ್ಟುಕೊಂಡು, ಇಂಟರ್ನೆಟ್ ಕೇಬಲ್ ಕಿತ್ತು, ಸೇಫ್ ಮೋಡ್‌ನಲ್ಲಿ ಡಿಡಿಯು (ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್) ಓಡಿಸಿ ಹಳೆಯದನ್ನು ಬೇರುಸಮೇತ ತೆಗೆಯುವುದು. ರೀಸ್ಟಾರ್ಟ್ ಆದ ಮೇಲೆ ಹೊಸದನ್ನು ಹಾಕಿ, ಆಮೇಲೆ ನೆಟ್ ಜೋಡಿಸುವುದು. ನೆಟ್ ಕೀಳದಿದ್ದರೆ ನಾವು ಹಾಕುವ ಮೊದಲೇ ವಿಂಡೋಸ್ ಅಪ್‌ಡೇಟ್ ತನ್ನ ಬಳಿಯ ಡ್ರೈವರನ್ನು ತುರುಕಿಬಿಡುತ್ತದೆ. ಅಪ್‌ಡೇಟ್ ಆದ ಮರುದಿನದಿಂದಲೇ ತೊಂದರೆ ಶುರುವಾಗಿದ್ದರೆ ಹೊಸದರ ಬದಲು ಮೊದಲು ಚೆನ್ನಾಗಿದ್ದ ಆವೃತ್ತಿಯನ್ನೇ ಹಾಕಿ. ಇದಾದ ಮೇಲೂ ಅದೇ ಕ್ರ್ಯಾಶ್ ಬಂದರೆ ನಾನು ಡ್ರೈವರ್ ಅಧ್ಯಾಯ ಮುಚ್ಚುತ್ತೇನೆ. ಹತ್ತು ಆವೃತ್ತಿ ಹಾಕಿ ತೆಗೆದು ವಾರ ಕಳೆಯುವುದರಲ್ಲಿ ಅರ್ಥವಿಲ್ಲ. ರಿಜಿಸ್ಟ್ರಿಯಲ್ಲಿ ಟಿಡಿಆರ್ ಡಿಲೇ ಎಂಬುದನ್ನು 2ರಿಂದ 10ಕ್ಕೆ ಏರಿಸುವ ಸಲಹೆ ಎಲ್ಲೆಡೆ ಸಿಗುತ್ತದೆ. ದೀರ್ಘ ರೆಂಡರಿಂಗ್ ಮಾಡುವವರಿಗೆ ಅದರಿಂದ ಉಪಯೋಗವಿದೆ. ಗೇಮಿನಲ್ಲಿ ಕಾರ್ಡ್ ನಿಜಕ್ಕೂ ಸಿಕ್ಕಿಹಾಕಿಕೊಂಡಿದ್ದರೆ 2 ಸೆಕೆಂಡ್ ಬದಲು 10 ಸೆಕೆಂಡ್ ಸ್ತಬ್ಧ ಪರದೆ ನೋಡುತ್ತೀರಿ, ಅಷ್ಟೇ.

ಈಗ ಮುಖ್ಯ ಕೆಲಸ. ಯಂತ್ರದ ಶಾಖ, ವೋಲ್ಟೇಜ್ ಅಳೆದು ತೋರಿಸುವ ಎಚ್‌ಡಬ್ಲ್ಯೂ-ಇನ್ಫೊ ತಂತ್ರಾಂಶವನ್ನು ಸೆನ್ಸರ್ ಮಾತ್ರ ಎಂಬ ಆಯ್ಕೆಯಲ್ಲಿ ತೆರೆದು, ಅಳತೆಗಳ ನಡುವಿನ ಅಂತರ 1000 ಮಿಲಿಸೆಕೆಂಡ್ ಇಟ್ಟು, ಫೈಲಿಗೆ ಲಾಗ್ ಬರೆಸಿ, ಕ್ರ್ಯಾಶ್ ಆಗುವವರೆಗೆ ಆಡಬೇಕು. ಆಮೇಲೆ ಆ ಫೈಲಿನ ಕೊನೆಯ 30 ಸಾಲುಗಳನ್ನಷ್ಟೇ ನೋಡಿದರೆ ಸಾಕು. ನೋಡಬೇಕಾದ ಕಾಲಂಗಳು: ಚಿಪ್‌ನ ಶಾಖ, ಹಾಟ್‌ಸ್ಪಾಟ್ (ಚಿಪ್‌ನ ಅತಿ ಬಿಸಿಯಾದ ಜಾಗ), ಮೆಮೊರಿ ಶಾಖ, ಕ್ಲಾಕ್ (ಚಿಪ್ ಓಡುವ ವೇಗ), ವೋಲ್ಟೇಜ್, ಕಾರ್ಡ್ ಎಳೆಯುವ ವ್ಯಾಟ್, 12 ವೋಲ್ಟ್ ಸಾಲು (ಎಸ್‌ಎಂಪಿಎಸ್ ಕೊಡುವ 12 ವೋಲ್ಟ್‌ನ ಅಳತೆ), ಲೋಡ್ ಶೇಕಡಾ.

ಒಂದು ಲಾಗ್‌ನಲ್ಲಿ ಕೊನೆಯ ಸಾಲು ಹೀಗಿತ್ತು: ಚಿಪ್ 69 ಡಿಗ್ರಿ, ಹಾಟ್‌ಸ್ಪಾಟ್ 106. ಮೊದಲ ಅಂಕಿ ಮಾತ್ರ ನೋಡಿದವರು ತಂಪಾಗಿದೆ ಎನ್ನುತ್ತಾರೆ. ಎರಡರ ನಡುವೆ 10ರಿಂದ 20 ಡಿಗ್ರಿ ಅಂತರ ಸಹಜ. 30 ದಾಟಿದರೆ ಹೀಟ್‌ಸಿಂಕ್ ಚಿಪ್‌ನ ಒಂದು ಮೂಲೆಗೆ ಸರಿಯಾಗಿ ಕೂತಿಲ್ಲ, ಇಲ್ಲವೇ ಪೇಸ್ಟ್ ನಡುವಿನಿಂದ ಅಂಚಿಗೆ ಸರಿದುಹೋಗಿದೆ. ಜಿಡಿಡಿಆರ್6ಎಕ್ಸ್ ಮೆಮೊರಿ ಇರುವ ಕಾರ್ಡ್‌ಗಳಲ್ಲಿ ಮೆಮೊರಿ ಶಾಖವೂ ಮುಖ್ಯ. 110 ಡಿಗ್ರಿಯ ಹತ್ತಿರ ಅದು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಇತ್ತೀಚಿನ ಕೆಲವು ಕಾರ್ಡ್‌ಗಳು ಹಾಟ್‌ಸ್ಪಾಟ್ ತೋರಿಸುವುದನ್ನೇ ಬಿಟ್ಟಿವೆ. ಅಂಥಲ್ಲಿ ಫ್ಯಾನ್ ವೇಗ ಕಾರಣವಿಲ್ಲದೆ ಏರುವುದನ್ನು ಗಮನಿಸಬೇಕು. ಕ್ಯಾಬಿನೆಟ್‌ನ ಪಕ್ಕದ ಫಲಕ ತೆಗೆದು ಆಡಿದಾಗ ಕ್ರ್ಯಾಶ್ ನಿಂತರೆ ದೋಷ ಬಹುಮಟ್ಟಿಗೆ ಗಾಳಿಯದು, ಪೇಸ್ಟಿನದಲ್ಲ.

ಇನ್ನೊಂದು ಲಾಗ್ ನನಗೆ ಹೆಚ್ಚು ಕಲಿಸಿತು. ಶಾಖವೆಲ್ಲ 60ರ ಆಸುಪಾಸು. ದೊಡ್ಡ ಕಾಳಗದ ದೃಶ್ಯದಲ್ಲಿ ಲೋಡ್ ಶೇ 99, ಕ್ಲಾಕ್ 2640 ಮೆಗಾಹರ್ಟ್ಸ್, ಏನೂ ಆಗಲಿಲ್ಲ. ಬಾಗಿಲು ತೆರೆದು ಖಾಲಿ ಓಣಿಗೆ ಬಂದೊಡನೆ ಲೋಡ್ ಶೇ 45ಕ್ಕೆ ಇಳಿಯಿತು, ಕ್ಲಾಕ್ 2820ಕ್ಕೆ ಜಿಗಿಯಿತು, ಲಾಗ್ ಅಲ್ಲೇ ಮುಗಿಯಿತು. ಭಾರ ಹೆಚ್ಚಿದ್ದಾಗ ಪವರ್ ಮಿತಿ ಕಾರ್ಡಿನ ಕ್ಲಾಕನ್ನು ಅದುಮಿ ಹಿಡಿದಿರುತ್ತದೆ. ಭಾರ ಇಳಿದಾಗ ಕಾರ್ಡ್ ತನ್ನ ತುತ್ತತುದಿಯ ವೇಗಕ್ಕೆ ಓಡುತ್ತದೆ, ಆ ವೇಗ ಅದಕ್ಕೆ ತಡೆಯದು. ಕಾರ್ಡಿಗೆ ಸತತ ಭಾರ ಹಾಕುವ ಫರ್‌ಮಾರ್ಕ್ ಪರೀಕ್ಷೆಯನ್ನು ಎರಡು ಗಂಟೆ ಓಡಿಸಿದರೂ ಏನೂ ಆಗಲಿಲ್ಲ, ಗೇಮಿನಲ್ಲಿ ಮಾತ್ರ ಬೀಳುತ್ತದೆ ಎಂಬ ದೂರಿನ ಗುಟ್ಟು ಬಹಳ ಸಲ ಇದೇ. ಫರ್‌ಮಾರ್ಕ್ ಕಾರ್ಡನ್ನು ಇಡೀ ಹೊತ್ತು ಪವರ್ ಮಿತಿಯಲ್ಲೇ ಕೂರಿಸುವುದರಿಂದ ಆ ತುದಿಯ ವೇಗ ಪರೀಕ್ಷೆಗೆ ಬರುವುದೇ ಇಲ್ಲ. ಭಾರ ಏರಿಸಿ ಇಳಿಸುವ ಪರೀಕ್ಷೆ ಬೇಕು. ಓಸಿಸಿಟಿ ತಂತ್ರಾಂಶದ 3ಡಿ ಅಡಾಪ್ಟಿವ್ ಅದನ್ನು ಮಾಡುತ್ತದೆ, ತಪ್ಪು ಬಂದರೆ ಎಣಿಸಿ ತೋರಿಸುತ್ತದೆ. ಮದ್ದು ಸುಲಭ: ಕಾರ್ಡಿನ ಸೆಟ್ಟಿಂಗ್ ಬದಲಿಸುವ ಆಫ್ಟರ್‌ಬರ್ನರ್ ತಂತ್ರಾಂಶದಲ್ಲಿ ಕೋರ್ ಕ್ಲಾಕ್ 50 ಮೆಗಾಹರ್ಟ್ಸ್ ಇಳಿಸುವುದು, ಸಾಲದಿದ್ದರೆ 100. ಎಫ್‌ಪಿಎಸ್ ವ್ಯತ್ಯಾಸ ಕಣ್ಣಿಗೆ ಬೀಳದು. ಆದರೆ ವಾರಂಟಿ ಇರುವ ಕಾರ್ಡ್ ಕಂಪನಿಯ ಸೆಟ್ಟಿಂಗಿನಲ್ಲೇ ನಿಲ್ಲದಿದ್ದರೆ ಹೀಗೆ ಸಂಭಾಳಿಸಿಕೊಂಡು ಹೋಗುವುದಕ್ಕಿಂತ ವಾಪಸ್ ಕಳಿಸುವುದೇ ಸರಿ.

ಇದಕ್ಕೆ ತದ್ವಿರುದ್ಧದ್ದು ಪವರ್ ದೋಷ, ಅದು ಭಾರ ಏರಿದಾಗ ಬರುತ್ತದೆ. ಬೇರ್ಪಡಿಸಲು ಪವರ್ ಮಿತಿಯನ್ನು ಶೇ 70ಕ್ಕೆ ಇಳಿಸಿ ಆಡಿ ನೋಡುತ್ತೇನೆ. ಭಾರದ ದೃಶ್ಯದ ಕ್ರ್ಯಾಶ್ ನಿಂತರೆ ಎಸ್‌ಎಂಪಿಎಸ್, ಕೇಬಲ್ ಅಥವಾ ಶಾಖ, ಮೂರರಲ್ಲಿ ಒಂದು. ಹಗುರ ದೃಶ್ಯದಲ್ಲಿ ಹಾಗೇ ಮುಂದುವರಿದರೆ ಮೇಲೆ ಹೇಳಿದ ಕ್ಲಾಕ್ ಕತೆ.

ಲೆಕ್ಕ ನೆನಪಿರಲಿ: ಕಾರ್ಡಿಗೆ ಹೆಚ್ಚೆಂದರೆ ಮದರ್‌ಬೋರ್ಡಿನ ಸ್ಲಾಟ್‌ನಿಂದ 75 ವ್ಯಾಟ್, 6 ಪಿನ್ ಕನೆಕ್ಟರ್‌ನಿಂದ 75, 8 ಪಿನ್‌ನಿಂದ 150. ಕಾರ್ಡಿನಲ್ಲಿ ಎರಡು 8 ಪಿನ್ ಇದ್ದರೆ ಎಸ್‌ಎಂಪಿಎಸ್‌ನಿಂದ ಎರಡು ಬೇರೆ ಬೇರೆ ಕೇಬಲ್ ಎಳೆಯಬೇಕು. ಒಂದೇ ಕೇಬಲ್‌ನ ಕವಲೊಡೆದ ಎರಡು ತುದಿಗಳನ್ನು ಚುಚ್ಚಿದರೆ ಸಣ್ಣ ಕಾರ್ಡ್ ನಡೆದೀತು, 300 ವ್ಯಾಟ್ ಎಳೆಯುವುದಕ್ಕೆ ಬೇಡ. 12 ವೋಲ್ಟ್ ಸಾಲು 11.4ರಿಂದ 12.6ರ ಒಳಗೆ ಇರಬೇಕು. ತಂತ್ರಾಂಶ ತೋರಿಸುವ ಅಂಕಿ ಅಷ್ಟು ನಿಖರವಲ್ಲ, ಹಾಗಾಗಿ ಸುಮ್ಮನಿದ್ದಾಗಿನಿಂದ ಭಾರಕ್ಕೆ ಎಷ್ಟು ಕುಸಿಯಿತು ಎಂದು ನೋಡುವುದು ಮೇಲು. ಆದರೂ ಕಾರ್ಡ್ ಕ್ಷಣಾರ್ಧದಲ್ಲಿ ಎಳೆಯುವ ಜಿಗಿತ ಸೆಕೆಂಡಿಗೊಂದು ಸಾಲು ಬರೆಯುವ ಲಾಗ್‌ಗೆ ಕಾಣದು. ಎಟಿಎಕ್ಸ್ 3.0 ಮಾನದಂಡದಲ್ಲಿ ದೊಡ್ಡ ಎಸ್‌ಎಂಪಿಎಸ್‌ಗಳು ತಮ್ಮ ಸಾಮರ್ಥ್ಯದ ಎರಡು ಪಟ್ಟು ಜಿಗಿತವನ್ನು 100 ಮೈಕ್ರೋಸೆಕೆಂಡ್ ತಡೆಯಬೇಕು ಎಂದು ಸೇರಿಸಿದ್ದು ಇದಕ್ಕೇ. ವ್ಯಾಟ್ ಸಾಕಷ್ಟಿದ್ದ ಹಳೆಯ ಎಸ್‌ಎಂಪಿಎಸ್ ಹೊಸ ಕಾರ್ಡ್ ಹಾಕಿದೊಡನೆ ಟ್ರಿಪ್ ಆಗುವುದೂ ಇದಕ್ಕೇ.

16 ಪಿನ್‌ನ ಹೊಸ ಕನೆಕ್ಟರ್ ಇದ್ದರೆ ಟಾರ್ಚ್ ಹಿಡಿದು ನೋಡಿ. ಪ್ಲಗ್ ಮತ್ತು ಸಾಕೆಟ್ ನಡುವೆ ಉಗುರು ತೂರುವಷ್ಟು ಸಂದು ಇದ್ದರೂ ಅದು ಪೂರ್ತಿ ಕೂತಿಲ್ಲ. ಕನೆಕ್ಟರ್‌ನಿಂದ ಕನಿಷ್ಠ 35 ಮಿಲಿಮೀಟರ್ ನೇರ ಬಂದ ಮೇಲಷ್ಟೇ ಕೇಬಲ್ ಬಗ್ಗಿಸಬೇಕು. ಪಿನ್ನಿನ ಸುತ್ತ ಪ್ಲಾಸ್ಟಿಕ್ ಕಂದಾಗಿದ್ದರೆ ಯಂತ್ರ ಆರಿಸಿ, ಆ ಕೇಬಲ್ ಮತ್ತೆ ಬಳಸಬೇಡಿ. ಇನ್ನೊಂದು ಎಚ್ಚರಿಕೆ: ಬೇರೆ ಎಸ್‌ಎಂಪಿಎಸ್‌ನ ಮಾಡ್ಯುಲರ್ (ಎರಡೂ ಕಡೆ ಬಿಚ್ಚಬಹುದಾದ) ಕೇಬಲ್ ತುದಿ ಸರಿಯಾಗಿ ಕೂರುತ್ತದೆ ಎಂದು ಹಾಕಬಾರದು. ಎಸ್‌ಎಂಪಿಎಸ್ ಬದಿಯ ಪಿನ್ ಜೋಡಣೆಗೆ ಮಾನದಂಡವಿಲ್ಲ, ಕಾರ್ಡೇ ಸುಟ್ಟೀತು.

ಕಾರ್ಡ್ ತೆಗೆದಾಗ ಸ್ಲಾಟಿಗೆ ಕೂರುವ ಅದರ ಚಿನ್ನದ ಹಲ್ಲುಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ, ಒಣಗಿಸಿ, ಕ್ಲಿಕ್ ಎನ್ನುವವರೆಗೆ ಕೂರಿಸಿ. ಮೂರು ಫ್ಯಾನಿನ ಕಾರ್ಡ್ ಬಾಗಿದ್ದರೆ ಕೆಳಗೆ ಆಸರೆ ಕೊಡಿ. ಈವೆಂಟ್ ವ್ಯೂವರ್‌ನಲ್ಲಿ ವಿಯಾ-ಲಾಗರ್ (WHEA-Logger) 17 ಸಾಲುಸಾಲಾಗಿ ಬಿದ್ದಿದ್ದರೆ ಪಿಸಿಐ ಸಂಪರ್ಕದಲ್ಲಿ ತಪ್ಪಾಗುತ್ತಿದೆ ಎಂದರ್ಥ. ಕಾರ್ಡನ್ನು ನೆಟ್ಟಗೆ ನಿಲ್ಲಿಸಲು ರೈಸರ್ ಕೇಬಲ್ ಹಾಕಿದ್ದರೆ ಅದೇ ಮೊದಲ ಆರೋಪಿ. ಬಯೋಸ್‌ನಲ್ಲಿ ಸ್ಲಾಟಿನ ವೇಗವನ್ನು ಜೆನ್ 3ಕ್ಕೆ ಇಳಿಸಿ ನೋಡಿ, ನಿಂತರೆ ರೈಸರ್ ಬಿಸಾಡಿ.

ಪೇಸ್ಟ್ ಬದಲಿಸುವುದಾದರೆ ಪೇಸ್ಟಿಗಿಂತ ಮೆಮೊರಿ ಮತ್ತು ಹೀಟ್‌ಸಿಂಕ್ ನಡುವಿನ ಪ್ಯಾಡ್‌ಗಳ ಮೇಲೆ ನಿಗಾ ಇರಲಿ. 1 ಮಿಲಿಮೀಟರ್ ಇದ್ದ ಕಡೆ 1.5 ಹಾಕಿದರೆ ಮೆಮೊರಿ ತಂಪಾಗುತ್ತದೆ, ಹೀಟ್‌ಸಿಂಕ್ ಮಾತ್ರ ಚಿಪ್‌ಗೆ ತಾಕದೆ ಹಾಟ್‌ಸ್ಪಾಟ್ ಮೊದಲಿಗಿಂತ ಏರುತ್ತದೆ. ನಾಲ್ಕು ಸ್ಕ್ರೂಗಳನ್ನು ಕರ್ಣವಾಗಿ, ಒಂದೊಂದನ್ನು ಅರ್ಧರ್ಧ ಸುತ್ತು ಬಿಗಿಯಿರಿ. ವಾರಂಟಿ ಷರತ್ತನ್ನು ಬಿಚ್ಚುವ ಮುಂಚೆಯೇ ಓದಿ.

ಇಷ್ಟೆಲ್ಲ ಆದ ಮೇಲೂ ಬೀಳುತ್ತಿದ್ದರೆ ಓಸಿಸಿಟಿಯ ವಿಡಿಯೊ ಮೆಮೊರಿ ಪರೀಕ್ಷೆ ಓಡಿಸಿ, ಕಾರ್ಡನ್ನು ಇನ್ನೊಂದು ಯಂತ್ರಕ್ಕೆ ಹಾಕಿ ಅದೇ ಗೇಮ್ ಆಡಿ. ಅಲ್ಲೂ ಬಿದ್ದರೆ ಕಾರ್ಡ್ ತಪ್ಪಿತಸ್ಥ ಎಂದು ನಾನು ಒಪ್ಪುತ್ತೇನೆ. ಓವನ್‌ನಲ್ಲಿ ಬೇಯಿಸುವ ಪ್ರಯೋಗ ಬೇಡ. ಕೆಲ ದಿನ ಬದುಕಿದಂತೆ ಕಂಡು ಮತ್ತೆ ಸಾಯುತ್ತದೆ, ವಾರಂಟಿಯೂ ಹೋಗುತ್ತದೆ.

ಸರಿಹೋಯಿತು ಎನ್ನಲು ಎಷ್ಟು ಆಡಬೇಕು? 40 ನಿಮಿಷಕ್ಕೊಮ್ಮೆ ಬೀಳುತ್ತಿದ್ದರೆ ಅದೇ ಗೇಮ್, ಅದೇ ಜಾಗದಲ್ಲಿ ಮೂರು ಗಂಟೆ. ಎರಡು ದಿನಕ್ಕೊಮ್ಮೆ ಬೀಳುತ್ತಿದ್ದರೆ ಒಂದು ವಾರ. ಆಮೇಲೆ ಆಫ್ ಮಾಡಿಟ್ಟದ್ದನ್ನು ಒಂದೊಂದಾಗಿ, ನಡುವೆ ಅಷ್ಟಷ್ಟೇ ಕಾದು, ಮತ್ತೆ ಹಾಕಬೇಕು: ಮೊದಲು ಓವರ್‌ಲೇ, ಆಮೇಲೆ ಎಕ್ಸ್‌ಎಂಪಿ, ಅಂಡರ್‌ವೋಲ್ಟ್ ಎಲ್ಲಕ್ಕಿಂತ ಕೊನೆಗೆ.