ಅಜ್ಜಿ ಜೋಡಿ ಓಟಿನ ಮಾತು ಆಡೋದು ಹೆಂಗ? ಫ್ಲೋರಿಡಾಕ್ಕ ಹೋದ ಯಹೂದಿ ಮೊಮ್ಮಕ್ಕಳನ್ನ ನೋಡ್ರಿ

ಎಲೆಕ್ಷನ್ ಬಂತಂದ್ರ ನಮ್ಮ ಗಂಗಾವತಿ ಕಡೆ ಬೆಂಗಳೂರಿಂದ ಬಂದ ಹುಡುಗ್ರು ಅಜ್ಜಿಗೆ ಪಾಠ ಮಾಡಾಕ ಕುಂದರ್ತಾರ, "ನೀ ಬರೀ ಜಾತಿ ನೋಡಿ ಓಟ್ ಹಾಕ್ತಿ" ಅಂತಾರ, ಅಜ್ಜಿ ಎದ್ದು ಒಳಗ ಹೋಗ್ತಾಳ, ಅಲ್ಲಿಗೆ ಮುಗೀತು. ಹಂಗ ಮಾಡಬ್ಯಾಡ್ರಿ.

ಅಮೆರಿಕಾದಾಗ 2008ರಲ್ಲಿ, ಮೊಮ್ಮಕ್ಕಳು ಅಜ್ಜ-ಅಜ್ಜಿ ಜೋಡಿ ಓಟಿನ ಮಾತು ಆಡೋ ಕೆಲಸಾನ ದೊಡ್ಡ ಮಟ್ಟದಾಗೇ ಮಾಡಿದ್ರು. ಒಬಾಮಾ ನಿಂತಿದ್ದ, ಅವನ ಹೆಸರಿನ ನಡುವ ಹುಸೇನ್ ಅಂತ ಇತ್ತು, ಅವ ಗುಪ್ತವಾಗಿ ಮುಸ್ಲಿಂ ಅಂತ ಸುಳ್ಳು ಇಮೇಲ್ ಹರದಾಡ್ತಿದ್ವು (ಆವಾಗಿನ ವಾಟ್ಸಾಪ್ ಫಾರ್ವರ್ಡ್ ಅನ್ನಿ). ಯಹೂದಿ ಹಿರಿಯರು ಕರಿಯ ಮನುಷ್ಯಾಗ ಹಾಕ್ತಾರೋ ಇಲ್ಲೋ ಅಂತ ಅನುಮಾನ. ಫ್ಲೋರಿಡಾದಾಗ ಇಂಥ ರಿಟೈರಾದ ಮಂದಿ ಭಾಳ, 2000ದಾಗ ಅಲ್ಲೇ ಬರೀ 537 ಓಟಿನಾಗ ಒಬಾಮಾ ಪಕ್ಷದವನೇ ಆದ ಅಲ್ ಗೋರ್ ಸೋತಿದ್ದ. ಅದಕ್ಕ ಕಾಮಿಡಿಯನ್ ಸಾರಾ ಸಿಲ್ವರ್‌ಮನ್ ವಿಡಿಯೋ ಬಿಟ್ಟು, ಹೋಗ್ರೋ, ಅಜ್ಜಿ-ಅಜ್ಜನ್ನ ಒಪ್ಪಿಸ್ರೋ ಅಂದ್ಳು, 'ಗ್ರೇಟ್ ಶ್ಲೆಪ್' ಅಂತ ಹೆಸರು (ಶ್ಲೆಪ್ ಅಂದ್ರ ಯಹೂದಿಗಳ ಯಿಡ್ಡಿಶ್ ಮಾತಿನಾಗ ದಣಿಸೋ ಪ್ರಯಾಣ). ಎಕ್ಸಿಟ್ ಪೋಲ್ ಪ್ರಕಾರ ಯಹೂದಿಗಳೊಳಗ 78% ಒಬಾಮಾಗೇ ಹಾಕಿದ್ರು. ಆದ್ರ 2004ರಾಗ ಅದೇ ಪಕ್ಷದಿಂದ ನಿಂತಿದ್ದ ಬಿಳಿಯ ಜಾನ್ ಕೆರಿಗೂ 74% ಬಿದ್ದಿತ್ತು, ಹಿಂಗಾಗಿ ಮೊಮ್ಮಕ್ಕಳೇ ಗೆಲ್ಲಿಸಿದ್ರು ಅಂತ ನಾ ಅಂತೂ ನಂಬಂಗಿಲ್ಲ.

ಮೊದಲ ಕೆಲಸ, ನಿಮ್ಮ ತಲಿಯೊಳಗಿಂದ ತಗೀರಿ: ವಯಸ್ಸಾದವ್ರಂದ್ರ ಹಳೇ ಬುದ್ಧಿ ಅನ್ನೋದು. 1964ರಾಗ ಕರಿಯರ ಹೆಸರು ಮತದಾರರ ಪಟ್ಟಿಗೆ ಸೇರಿಸಾಕ ಮಿಸಿಸಿಪ್ಪಿಗೆ ಹೋಗಿ ಜೀವ ಕಳಕೊಂಡ ಆಂಡ್ರ್ಯೂ ಗುಡ್‌ಮನ್‌ಗ ಆವಾಗ 20 ವರ್ಷ, ಮೈಕೆಲ್ ಶ್ವರ್ನರ್‌ಗ 24, ಇಬ್ಬರೂ ಯಹೂದಿಗಳು, ಅವರ ಜೋಡಿನ ಕರಿಯ ಹುಡುಗ ಜೇಮ್ಸ್ ಚೇನಿಯನ್ನೂ ಕೊಂದ್ರು. ಗುಡ್‌ಮನ್ ಬದುಕಿದ್ರ 2008ರಾಗ 65ರ ಹತ್ರ ಇರ್ತಿದ್ದ, ಅಂದ್ರ ಮೊಮ್ಮಕ್ಕಳು ಬುದ್ಧಿ ಹೇಳಾಕ ಹೋಗಿದ್ದು ಇವ್ರ ವಾರಗಿ ಮಂದಿಗೂ! ನಮ್ಮಲ್ಲೂ ಬೈಕಿನ ಹಿಂದ ಜಾತಿ ಹೆಸರು ಬರಸೋದು ಅಜ್ಜ ಅಲ್ಲ.

ಆಮೇಲೆ, ಹೇಳಬ್ಯಾಡ್ರಿ, ಕೇಳ್ರಿ. ಬಳ್ಳಾರಿಯವ್ರಿಗೆ 1999ರ ಲೋಕಸಭಾ ಎಲೆಕ್ಷನ್ ಒಂದೇ ಸಾಕು. ಸೋನಿಯಾ ಗಾಂಧಿ ವಿದೇಶಿ ಅಂತ ಊರೆಲ್ಲ ಪ್ರಚಾರ, ಎದುರಿಗೆ ಸುಷ್ಮಾ ಸ್ವರಾಜ್ ಕನ್ನಡ ಕಲ್ತು ಭಾಷಣ ಮಾಡಿದ್ರು, ಆದ್ರೂ ಸೋನಿಯಾ ಸುಮಾರು 56 ಸಾವಿರ ಓಟಿನಿಂದ ಗೆದ್ರು. "ನೀ ಆವಾಗ ಏನ್ ವಿಚಾರ ಮಾಡಿದ್ದಿ ಅಜ್ಜಾ?" ಅಂತ ಕೇಳ್ರಿ, ಅರ್ಧ ತಾಸು ಮಾತಾಡ್ತಾನ, ನಡುವ ಬಾಯಿ ಹಾಕಬ್ಯಾಡ್ರಿ. ಯಾರನ್ನ ಹೊರಗಿನವ್ರು ಅಂತಾನ, ಯಾಕ ಅಂತಾನ, ತಾನೇ ಬಿಚ್ಚಿಡ್ತಾನ.

ಖರೇ ಪ್ರಶ್ನಿ ಇನ್ನೂ ಐತಿ. ಕನಕಗಿರಿ ಎಸ್ಸಿ ಮೀಸಲು, ಮಸ್ಕಿ, ಮಾನ್ವಿ, ದೇವದುರ್ಗ ಎಸ್ಟಿ, ಅಲ್ಲಿ ಎಲ್ಲಾರೂ ಹಾಕೇ ಹಾಕ್ತಾರ, "ರಿಸರ್ವ್ ಐತಿ, ಏನ್ ಮಾಡೋದು" ಅಂತ. ಅದಕ್ಕ ಹಿಂಗ ಕೇಳ್ರಿ: "ಅಮ್ಮಾ, ನಮ್ಮ ಹೊಲಕ್ಕ ಭತ್ತ ನಾಟಿ ಮಾಡಾಕ ಬರ್ತಾಳಲ್ಲ ಆಕಿ, ಆಕಿ ಮಗಳು ಓದಿ ನಮ್ಮ ಗಂಗಾವತಿ ಜನರಲ್ ಸೀಟಿಗೆ ನಿಂತ್ರ ಹಾಕ್ತಿಯೇನ್?" ಅಕ್ಕಿ ಆರಿಸೋ ಕೈ ಸ್ವಲ್ಪ ನಿಲ್ತೈತಿ. "ಆಕಿ ಚೊಲೋ ಹುಡುಗಿ, ಆದ್ರ..." ಅಂತಾಳ. ಆ 'ಆದ್ರ' ಮುಂದಿನ ಮಾತು ಪೂರಾ ಕೇಳ್ರಿ, "ಮಂದಿ ಏನಂತಾರ" ಅನ್ನೋ ಅಂಜಿಕಿ ಆದ್ರ ಅದಕ್ಕ ಉತ್ತರ ಬ್ಯಾರೆ, ಖರೇನ ಹೇಸಿಗಿ ಆದ್ರ ಬ್ಯಾರೆ.

"ಈಗೆಲ್ಲೈತಿ ಜಾತಿ" ಅಂದ್ರ ದೂರ ಹೋಗಬ್ಯಾಡ್ರಿ, ಇದೇ ತಾಲೂಕಿನ ಮರಕುಂಬಿ ನೆನಪು ಮಾಡ್ರಿ. 2014ರಾಗ ದಲಿತರ ಗುಡಿಸಲಿಗೆ ಬೆಂಕಿ ಹಚ್ಚಿದ್ರು, 2024ರಾಗ ಕೊಪ್ಪಳ ಕೋರ್ಟು 98 ಮಂದಿಗೆ ಜೀವಾವಧಿ ಕೊಡ್ತು.

ಒಂದೇ ಸಲಕ್ಕ ಮುಗಿಸಾಕ ಹೋಗಬ್ಯಾಡ್ರಿ, ನೆಂಟರ ಮುಂದ ಅಂತೂ ಬ್ಯಾಡೇ ಬ್ಯಾಡ. ಓಟಿನ ದಿನ ಬೂತಿಗೆ ಕರಕೊಂಡು ಹೋಗ್ರಿ, ಯಾರಿಗೆ ಹಾಕ್ದಿ ಅಂತ ಕೇಳಬ್ಯಾಡ್ರಿ. 85 ದಾಟಿದವ್ರಿದ್ರ ಎಲೆಕ್ಷನ್ ಅಧಿಸೂಚನೆ ಬಂದು ಐದು ದಿನದೊಳಗ ಫಾರ್ಮ್ 12ಡಿ ತುಂಬಿ ಕೊಡ್ರಿ, ಮನಿಗೇ ಬಂದು ಓಟ್ ಹಾಕಿಸ್ಕೊಂಡು ಹೋಗ್ತಾರ.