ಮಕ್ಕಳ ಕುತ್ತಿಗೆಯ ಗಂಟು: ನಾನು ನೋಡುವ ರೀತಿ

ಸ್ನಾನ ಮಾಡಿಸುವಾಗ ಕೈಗೆ ಸಿಕ್ಕಿತು ಅಂತಲೇ ಹೆಚ್ಚಿನ ಅಮ್ಮಂದಿರು ಮಾತು ಶುರು ಮಾಡುತ್ತಾರೆ. ಅದರ ಹಿಂದೆಯೇ ಬರುವ ಪ್ರಶ್ನೆ, "ಡಾಕ್ಟ್ರೇ, ಕ್ಯಾನ್ಸರ್ ಅಲ್ಲ ಅಲ್ವಾ?" ನಾನು ಮಕ್ಕಳ ಸರ್ಜನ್. ಗಂಟಿಗೆ ತಕ್ಷಣ ಕೈ ಹಾಕುವುದಿಲ್ಲ. ಮಗು ಅಮ್ಮನ ತೊಡೆ ಮೇಲೆ ಆಡಿಕೊಂಡಿರುವಾಗ ಸ್ವಲ್ಪ ಹೊತ್ತು ಸುಮ್ನೆ ನೋಡುತ್ತೇನೆ. ಒಮ್ಮೆ ಅಳಲು ಶುರು ಮಾಡಿದರೆ ಕತ್ತು ಬಿಗಿಯಾಗುತ್ತದೆ, ಆಮೇಲೆ ಬೆರಳಿಗೆ ಏನೂ ತಿಳಿಯುವುದಿಲ್ಲ.

ಗಂಟು ಎಲ್ಲಿದೆ ಅಂತ ಸರಿಯಾಗಿ ಗುರುತಿಸಿದರೆ ಅರ್ಧ ಕೆಲಸ ಮುಗಿದ ಹಾಗೆ. ದವಡೆಯ ಕೆಳಗೆ, ಕತ್ತಿನ ಪಕ್ಕದಲ್ಲಿ, ಮುಟ್ಟಿದರೆ ಜಾರುವ, 1 ಸೆಂಟಿಮೀಟರ್‌ಗಿಂತ ಚಿಕ್ಕ ದುಗ್ಧಗ್ರಂಥಿಗಳು (ಲಿಂಫ್ ನೋಡ್, ಸೋಂಕಿನ ವಿರುದ್ಧ ಹೋರಾಡುವ ಗ್ರಂಥಿಗಳು) ಆರೋಗ್ಯವಾಗಿರುವ ಎಷ್ಟೋ ಮಕ್ಕಳಲ್ಲಿ ಇರುತ್ತವೆ. ಶೀತ, ಗಂಟಲು ನೋವು, ಹುಳುಕು ಹಲ್ಲು, ಇವುಗಳಿಂದ ಊದಿಕೊಂಡಿರುತ್ತವೆ. ತಲೆಯ ಹಿಂಭಾಗದಲ್ಲಿದ್ದರೆ ಕೂದಲು ಬಿಡಿಸಿ ನೋಡುತ್ತೇನೆ, ಹೇನೋ ಹುಳುಕಡ್ಡಿಯೋ ಕೆರೆದು ಆದ ಗಾಯವೋ ಸಿಗುತ್ತದೆ. ಇಂಥ ಮಕ್ಕಳಿಗೆ ಸ್ಕೇಲ್ ಇಟ್ಟು ಅಳತೆ ಬರೆದು, ಫೈಲಿನಲ್ಲಿ ಚಿತ್ರ ಬಿಡಿಸಿ, 4ರಿಂದ 6 ವಾರ ಬಿಟ್ಟು ಬನ್ನಿ ಅನ್ನುತ್ತೇನೆ. ದಿನಾ ಒತ್ತಿ ನೋಡಬೇಡಿ ಅಂತಲೂ ಹೇಳುತ್ತೇನೆ.

ಕತ್ತಿನ ನಟ್ಟನಡುವೆ ಇರುವ ಗಂಟಿನದು ಬೇರೆಯೇ ಕಥೆ. ಆಗಿನ್ನೂ ನಾನು ಈ ಕೆಲಸಕ್ಕೆ ಹೊಸಬ. ಆರು ವರ್ಷದ ಹುಡುಗಿಯೊಬ್ಬಳು ಬಂದಿದ್ದಳು. "ಪುಟ್ಟಾ, ನಾಲಿಗೆ ಚಾಚು ನೋಡೋಣ" ಅಂದೆ. ಅವಳು ಚಾಚಿದ ಕೂಡಲೇ ಬೆರಳ ಕೆಳಗೆ ಗಂಟು ಮೇಲಕ್ಕೆ ಸರಿಯಿತು. ಥೈರೋಗ್ಲಾಸಲ್ ಸಿಸ್ಟ್, ಅಂದರೆ ಗರ್ಭದಲ್ಲಿ ಥೈರಾಯ್ಡ್ ಕೆಳಗಿಳಿದ ದಾರಿಯಲ್ಲಿ ಉಳಿದುಹೋದ ದ್ರವದ ಚೀಲ, ಹೀಗೇ ಮಾಡುತ್ತದೆ, ಹಾಗಾಗಿ ಬೇರೇನೂ ಯೋಚಿಸದೆ ಆಪರೇಷನ್‌ಗೆ ದಿನ ಬರೆದುಬಿಟ್ಟೆ. ನನ್ನ ಹಿರಿಯರು ಫೈಲ್ ನೋಡಿ ಒಂದೇ ಮಾತು ಕೇಳಿದರು: "ಥೈರಾಯ್ಡ್ ಅದರ ಜಾಗದಲ್ಲಿ ಇದೆಯೇನಪ್ಪಾ?" ಸ್ಕ್ಯಾನ್ ಮಾಡಿಸಿದರೆ ಇರಲಿಲ್ಲ. ಆ ಗಂಟೇ ಅವಳ ಥೈರಾಯ್ಡ್, ಅವಳಿಗಿದ್ದದ್ದು ಅದೊಂದೇ, ಅದನ್ನು ನಾನು ಕೈಯಾರೆ ತೆಗೆದುಬಿಡುತ್ತಿದ್ದೆ. ರಕ್ತಪರೀಕ್ಷೆಯಲ್ಲಿ ಹಾರ್ಮೋನ್ ಕಡಿಮೆ ಇತ್ತು, ಮಾತ್ರೆ ಶುರು ಮಾಡಿದೆವು, ಕೆಲವು ತಿಂಗಳಲ್ಲಿ ಗಂಟೂ ಸಣ್ಣದಾಯಿತು. ಅಂದಿನಿಂದ ನಡುಕತ್ತಿನ ಯಾವ ಗಂಟನ್ನೂ ಅಲ್ಟ್ರಾಸೌಂಡ್ ಇಲ್ಲದೆ ನಾನು ಮುಟ್ಟಿಲ್ಲ. ಅದು ನಿಜಕ್ಕೂ ಸಿಸ್ಟ್ ಆಗಿದ್ದರೆ, ಅದರ ಜೊತೆ ನಾಲಿಗೆಯ ಬುಡದ ಕೆಳಗಿರುವ ಹಯಾಯ್ಡ್ ಮೂಳೆಯ ನಡುಭಾಗವನ್ನೂ ತೆಗೆಯಬೇಕು, ಇಲ್ಲದಿದ್ದರೆ ಮತ್ತೆ ಬರುವುದು ಜಾಸ್ತಿ.

ಕುತ್ತಿಗೆಯದಲ್ಲದಿದ್ದರೂ, ಮೂಗಿನ ಬುಡದಲ್ಲಿರುವ ಗಂಟಿನ ವಿಷಯದಲ್ಲೂ ಇಷ್ಟೇ ಜಾಗ್ರತೆ ಬೇಕು. ನೋಡಲು ಸಣ್ಣದು, ಆದರೆ ಬೇರು ತಲೆಬುರುಡೆಯೊಳಗೆ ಹೋಗಿರಬಹುದು. ಎಂಆರ್‌ಐ ಆಗುವವರೆಗೆ ಸೂಜಿ ಕೂಡ ಹಾಕಬಾರದು.

ಎರಡು ಮೂರು ವಾರದ ಕೂಸಿನ ಕತ್ತಿನ ಸ್ನಾಯುವಿನಲ್ಲೇ ಗಟ್ಟಿ ಗಂಟು ಸಿಕ್ಕಿ, ತಲೆ ಆ ಕಡೆಗೇ ವಾಲಿದ್ದರೆ ಅಲ್ಟ್ರಾಸೌಂಡ್ ಸಾಕು. ಹೆಚ್ಚಿನವು ಕತ್ತಿನ ವ್ಯಾಯಾಮದಲ್ಲೇ ಸರಿಹೋಗುತ್ತವೆ.

ನನಗೆ ನಿದ್ದೆ ಕೆಡಿಸುವ ಗಂಟುಗಳೂ ಇವೆ. ಕಾಲರ್ ಮೂಳೆಯ ಮೇಲಿನ ಗುಳಿಯಲ್ಲಿ ಸಿಕ್ಕರೆ ಅದು ಎಷ್ಟೇ ಚಿಕ್ಕದಿರಲಿ, ನಾನು ಕಾಯುವುದಿಲ್ಲ. 2 ಸೆಂಟಿಮೀಟರ್ ದಾಟಿ ಬೆಳೆಯುತ್ತಲೇ ಇರುವುದು, ನೋವಿಲ್ಲದೆ ರಬ್ಬರಿನ ಹಾಗಿರುವುದು, ಕಲ್ಲಿನ ಹಾಗೆ ಅಂಟಿಕೊಂಡಿರುವುದು, ಜೊತೆಗೆ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು. ಇಂಥ ಮಗುವಿಗೆ ರಕ್ತಪರೀಕ್ಷೆಯ ಜೊತೆ ಎದೆಯ ಎಕ್ಸ್‌ರೇ ಮಾಡಿಸದೆ ಬಯಾಪ್ಸಿಗೆ (ಗಂಟಿನ ತುಣುಕು ತೆಗೆದು ಪರೀಕ್ಷಿಸಲು) ಅರಿವಳಿಕೆ ಕೊಡಬಾರದು, ಯಾಕೆಂದರೆ ಎದೆಯೊಳಗೂ ಗ್ರಂಥಿ ಬೆಳೆದಿದ್ದರೆ ಅಂಗಾತ ಮಲಗಿಸಿದಾಗ ಶ್ವಾಸನಾಳ ಒತ್ತಿಹೋಗಬಹುದು.

ಒಬ್ಬ ಹುಡುಗ ನನ್ನ ಹತ್ತಿರ ಬರುವ ಮೊದಲೇ ಬೇರೆ ಕಡೆ ಸ್ಟಿರಾಯ್ಡ್ ಸಿರಪ್ ಕುಡಿದಿದ್ದ. ಗಂಟು ಇಳಿಯಿತು, ಮನೆಯವರು ಖುಷಿಯಾದರು, ಮತ್ತೆ ಊದಿಕೊಂಡಾಗ ಬಂದರು. ಬಯಾಪ್ಸಿ ಮಾಡಿದರೆ ಏನೂ ಸ್ಪಷ್ಟವಿಲ್ಲ. ಎರಡನೇ ಸಲ ಮಾಡಬೇಕಾಯಿತು, ಆಗ ಲಿಂಫೋಮಾ, ಅಂದರೆ ದುಗ್ಧಗ್ರಂಥಿಯ ಕ್ಯಾನ್ಸರ್ ಅಂತ ತಿಳಿಯಿತು. ನಡುವೆ ಹೋದ ವಾರಗಳನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಕಾರಣ ಗೊತ್ತಾಗದ ಗಂಟಿಗೆ ದಯವಿಟ್ಟು ಸ್ಟಿರಾಯ್ಡ್ ಕೊಡಬೇಡಿ.

ಗಂಟುಗಳು ಒಂದಕ್ಕೊಂದು ಅಂಟಿ ಮೆತ್ತಗಾಗಿದ್ದರೆ ಟಿಬಿ ನೆನಪಾಗಬೇಕು, ಹಿಂದಿನವರು ಗಂಡಮಾಲೆ ಅನ್ನುತ್ತಿದ್ದದ್ದು ಅದೇ. ಕೀವು ಅಂತ ಸೀಳಿಬಿಟ್ಟರೆ ತಿಂಗಳುಗಟ್ಟಲೆ ಸೋರುತ್ತದೆ. ಸೂಜಿಯಿಂದ ಮಾದರಿ ತೆಗೆದು ಪರೀಕ್ಷೆಗೆ ಕಳಿಸುವುದೇ ಸರಿ.

ಕೆಲವು ಗಂಟು ಬಂದು ಬಂದು ಹೋಗುತ್ತವೆ, ನಾನು ನೋಡುವ ದಿನ ಇಳಿದಿರುತ್ತವೆ. ಊದಿಕೊಂಡ ದಿನವೇ ಫೋನಿನಲ್ಲಿ ಎರಡು ಫೋಟೊ ತೆಗೆದಿಡಿ, ಒಂದು ಎದುರಿನಿಂದ, ಒಂದು ಪಕ್ಕದಿಂದ.